ಅಕ್ಕಸಾಲಿಯ ತಕ್ಕಡಿಯಲ್ಲಿ ಚಾಕೊಲೇಟು

ಕೋಲಾರಮ್ಮನ ಗುಡಿಯ ಹತ್ತಿರದ ಕಲ್ಲುಬೆಂಚಿನ ಮೇಲೆ ರಾಮಣ್ಣನವರು ಕರವಸ್ತ್ರ ಹಾಸಿ, ಅಕ್ಕಸಾಲಿಯಿಂದ ಕಡ ತಂದ ತಕ್ಕಡಿಯನ್ನು ಅದರ ಮೇಲಿಟ್ಟು, ಮಗಳು ಕ್ಯಾಲಿಫೋರ್ನಿಯಾದಿಂದ ಕಳುಹಿಸಿದ್ದ ಕಪ್ಪು ಚಾಕೊಲೇಟಿನ ತುಂಡೊಂದನ್ನು ಉಗುರಿನಿಂದ ಕೆರೆದು ಕೆರೆದು ತೂಗುತ್ತಿದ್ದರು.

“ಇದರಲ್ಲಿ ಸೀಸವಿದೆಯಂತೆ. ದಿನಕ್ಕೆ 0.5 ಮೈಕ್ರೋಗ್ರಾಂ ದಾಟಿದರೆ ಆ ರಾಜ್ಯದಲ್ಲಿ ಎಚ್ಚರಿಕೆಯ ಚೀಟಿ ಅಂಟಿಸಬೇಕಂತೆ” ಎಂದರು.

“ಅದು ತೊಂದರೆ ಕಾಣದ ಮಟ್ಟವನ್ನು ಸಾವಿರದಿಂದ ಭಾಗಿಸಿ ಎಳೆದ ಗೆರೆ ಸ್ವಾಮಿ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು, ನಿಮ್ಮ ತಕ್ಕಡಿಗೆ ಅದಕ್ಕಿಂತ ನಿಮ್ಮ ಉಸಿರೇ ಭಾರ” ಎಂದರು ಶಾಮಣ್ಣ.

ಚಾಕೊಲೇಟಿಗೂ ಸೀಸಕ್ಕೂ ಎಲ್ಲಿಯ ನಂಟೆಂದು ಮೇಷ್ಟ್ರು ಕೇಳಿದರು.

“ಕೋಕೋ ಬೀಜವನ್ನು ಹುಳಿಬರಿಸಿ ಬಯಲಿನಲ್ಲಿ ಒಣಗಿಸುವಾಗ ಧೂಳಿನೊಡನೆ ಬಂದು ಅಂಟುತ್ತದೆ” ಎಂದರು ಶಾಮಣ್ಣ. “ರಾಗಿಯನ್ನು ಡಾಂಬರು ರಸ್ತೆಗೆ ಹರಡಿ ಲಾರಿಯಿಂದ ತುಳಿಸುವ ನಾವು ಇದಕ್ಕೆ ಮೂಗು ಮುರಿಯಬೇಕೆ? ಕೆಜಿಎಫ್‌ನಲ್ಲಿ ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಮೂರು ನಾಲ್ಕು ಗ್ರಾಂ ಚಿನ್ನ ಸಿಗುತ್ತಿತ್ತು, ಅದು ಗಿಟ್ಟದೆಂದು 2001ರಲ್ಲಿ ಗಣಿಗೇ ಬೀಗ ಬಿತ್ತು. ಮಕ್ಕಳ ಮಿಠಾಯಿಯಲ್ಲಿ ಸೀಸಕ್ಕೆ ಅಮೆರಿಕದವರು ಹೇಳಿರುವ ಮಿತಿ ಟನ್ನಿಗೆ 0.1 ಗ್ರಾಂ. ಚಿನ್ನವಾಗಿದ್ದರೆ ಯಾರೂ ಬಗ್ಗಿ ನೋಡದಷ್ಟು ಸೀಸಕ್ಕೆ ನಿಮಗೆ ರಾತ್ರಿ ನಿದ್ದೆಯಿಲ್ಲ!”

“ಹಾಗಾದರೆ ಭಯವೇ ಬೇಡವೆ?” ಎಂದರು ರಾಮಣ್ಣನವರು.

“ಬೇಡವೆನ್ನಲಾರೆ. ಇಷ್ಟಾದರೆ ನಿರಪಾಯವೆನ್ನುವ ಮಟ್ಟ ಸೀಸಕ್ಕೆ ಇಲ್ಲ. ದೊಡ್ಡವರ ಕರುಳು ಹತ್ತರಲ್ಲೊಂದು ಪಾಲು ಹೀರಿದರೆ ಮಕ್ಕಳದು ಅರ್ಧದಷ್ಟನ್ನು ಹೀರಬಲ್ಲದು, ಆದ್ದರಿಂದ ಮೊಮ್ಮಗನಿಗೆ ದಿನವೂ ಕೊಡಬೇಡಿ. ಎಲ್ಲ ಆಹಾರವೂ ಸೇರಿ ದಿನಕ್ಕೆ ಮಕ್ಕಳಿಗೆ 2.2, ಹೆರುವ ವಯಸ್ಸಿನ ಹೆಂಗಸರಿಗೆ 8.8 ಮೈಕ್ರೋಗ್ರಾಂ ಸೀಸ ಮೀರಬಾರದೆಂದು ಅಲ್ಲಿನ ಆಹಾರ-ಔಷಧ ಇಲಾಖೆ ಎಫ್‌ಡಿಎ ಲೆಕ್ಕವಿಟ್ಟಿದೆ. ಈಗ ಹೇಳಿ, ತಾವು ಈ ಎರಡರಲ್ಲಿ ಯಾವುದು?”

ಮೇಷ್ಟ್ರು ನಕ್ಕ ನಗೆಗೆ ಗುಡಿಯ ಮುಂದಿನ ಪಾರಿವಾಳಗಳು ಎದ್ದವು. ರಾಮಣ್ಣನವರು ಮಾತ್ರ ನಗಲಿಲ್ಲ. ತುಂಡನ್ನು ಬೆಳ್ಳಿಕಾಗದದಲ್ಲಿ ಮೊದಲಿನ ಮಡಿಕೆಗಳ ಮೇಲೆಯೇ ಮಡಚತೊಡಗಿದರು.

“ಇಷ್ಟು ಹೇಳಿದ ಮೇಲೂ ತಿನ್ನುವುದಿಲ್ಲವೆ?” ಎಂದರು ಮೇಷ್ಟ್ರು.

“ಹತ್ತು ತುಂಡಿತ್ತು, ಇನ್ನು ಮೂರಿದೆ. ಅವಳು ಬರುವುದು ಬರುವ ವರ್ಷದ ಮಾರ್ಚಿಗಂತೆ.”

ಶಾಮಣ್ಣ ಮರುಮಾತಾಡದೆ ಕರವಸ್ತ್ರದ ಮೇಲೆ ಉದುರಿದ್ದ ಪುಡಿಯನ್ನು ಬೆರಳಿನಿಂದ ಒಟ್ಟುಗೂಡಿಸಿ, ಅವರ ಅಂಗೈಗೆ ಹಾಕಿದರು.