ಮಗಳು 'ನಾನು ಕಪ್ಪು' ಅಂತ ಅಳ್ತಾಳೆ, ಏನು ಹೇಳಲಿ?

ಪ್ರಶ್ನೆ: ಚಿಕ್ಕ ಮಗಳಿಗೆ ಏಳು ವರ್ಷ, ಎಣ್ಣೆಗೆಂಪು ಬಣ್ಣ. ಹೋದ ತಿಂಗಳು ಮದುವೆ ಮನೆಯಲ್ಲಿ ನೆಂಟರೊಬ್ಬರು "ಅಕ್ಕ ಇಷ್ಟು ಬೆಳ್ಳಗೆ, ಇವಳು ಯಾರ ಥರ?" ಎಂದರು. ಅವತ್ತಿನಿಂದ ದಿನಾ ಮುಖಕ್ಕೆ ಪೌಡರ್ ಮೆತ್ತಿಕೊಳ್ಳುತ್ತಾಳೆ. "ಮನಸ್ಸು ಚೆನ್ನಾಗಿದ್ರೆ ಸಾಕು ಪುಟ್ಟಾ" ಎಂದೆ. "ಹಾಗಾದ್ರೆ ನಾನು ನೋಡೋಕೆ ಚೆನ್ನಾಗಿಲ್ವಾ ಅಮ್ಮಾ?" ಎಂದಳು. ನೀವೆಲ್ಲ ಏನು ಮಾಡಿದಿರಿ?

ಉತ್ತರ, ಇಬ್ಬರು ಮಕ್ಕಳ ತಾಯಿ: ನಿಮ್ಮ ಮಗಳು ಕೇಳಿದ್ದು ಸರಿಯಾಗಿಯೇ ಇದೆ. ಮನಸ್ಸು ಮುಖ್ಯ ಅನ್ನುವ ಮಾತನ್ನು ನಾವು ಕಪ್ಪಗಿರುವ ಮಗುವಿಗೆ ಮಾತ್ರ ಹೇಳುತ್ತೇವೆ, ಬೆಳ್ಳಗಿರುವ ಮಗುವಿಗೆ ಯಾರು ಹೇಳುತ್ತಾರೆ? ಅದು ಬರೀ ಸಮಾಧಾನದ ಮಾತು ಅಂತ ಮಗುವಿಗೆ ಗೊತ್ತಾಗಿಬಿಡುತ್ತದೆ. ನಾನೂ ಇದೇ ತಪ್ಪು ಮಾಡಿದೆ. ಬಸುರಿಯಿದ್ದಾಗ ಮಗು ಕೆಂಪಗೆ ಹುಟ್ಟಲಿ ಅಂತ ಕೇಸರಿ ಹಾಲು ಕುಡಿದವಳು ನಾನು. ಆಮೇಲೆ "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ" ಅಂತ ದಿನಾ ಕೂಗಿದವಳೂ ನಾನೇ. ಮೊದಲು ಆ ಮಾತು ನಿಲ್ಲಿಸಿದೆ. ಅತ್ತೆಯವರಿಗೂ ಕೈಮುಗಿದು ಕೇಳಿಕೊಂಡೆ, ಕಡಲೆಹಿಟ್ಟು ಹಚ್ಚುವಾಗ ಬೆಳ್ಳಗಾಗ್ತೀಯ ಅನ್ನಬೇಡಿ, ಜಿಡ್ಡು ಹೋಗುತ್ತೆ ಅನ್ನಿ ಅಂತ. ನೆಂಟರು ಅಂದಾಗ ಮಗುವಿನ ಎದುರಿಗೇ ಹೇಳಿ: "ಅವಳು ಅವಳ ತಾತನ ಬಣ್ಣ, ನಮಗೆಲ್ಲ ತುಂಬಾ ಇಷ್ಟ." ಆಮೇಲೆ ಮನೆಗೆ ಬಂದು ಎಷ್ಟು ಹೇಳಿದರೂ ಅಷ್ಟು ನಾಟುವುದಿಲ್ಲ.

ಉತ್ತರ, ಪ್ರೈಮರಿ ಸ್ಕೂಲ್ ಟೀಚರ್: ಕ್ರೇಯಾನ್ ಡಬ್ಬಿಯಲ್ಲಿ ತಿಳಿ ಗುಲಾಬಿ ಕಡ್ಡಿ ಒಂದಿರುತ್ತದಲ್ಲ, ನನ್ನ ಕ್ಲಾಸಿನ ಮಕ್ಕಳೆಲ್ಲ ಅದಕ್ಕೆ 'ಸ್ಕಿನ್ ಕಲರ್' ಅನ್ನುತ್ತಿದ್ದರು. ಕ್ಲಾಸಿನಲ್ಲಿ ಒಂದು ಮಗುವಿನ ಚರ್ಮವೂ ಆ ಬಣ್ಣವಲ್ಲ! ಒಂದು ದಿನ ಎಲ್ಲರ ಕೈಯನ್ನೂ ಹಾಳೆ ಮೇಲೆ ಇಡಿಸಿ, ಸುತ್ತ ಗೆರೆ ಎಳೆಸಿ, ಕಂದು, ಹಳದಿ, ಕೆಂಪು ತಿಕ್ಕಿ ತಿಕ್ಕಿ ಅವರವರ ಕೈ ಬಣ್ಣವನ್ನು ಅವರೇ ಹುಡುಕಲಿ ಅಂತ ಬಿಟ್ಟೆ. ಒಬ್ಬ ಹುಡುಗಿ ಕೈಯನ್ನು ಹಾಳೆ ಪಕ್ಕ ಇಟ್ಟು ಇಟ್ಟು ನೋಡಿ, ಕೊನೆಗೆ "ಮಿಸ್, ನಂದು ಬೆಲ್ಲದ ಬಣ್ಣ" ಎಂದಳು. ಚರ್ಮದಲ್ಲಿ ಮೆಲನಿನ್ ಅಂತ ಇರುತ್ತದೆ, ಅದು ಜಾಸ್ತಿ ಇದ್ದಷ್ಟೂ ಬಣ್ಣ ಗಾಢ, ಬಿಸಿಲಿನಿಂದ ಚರ್ಮವನ್ನು ಕಾಯುವುದೂ ಅದೇ ಅಂತ ಹೇಳಿದೆ. ಏಳು ವರ್ಷಕ್ಕೆ ಇಷ್ಟು ಚೆನ್ನಾಗಿಯೇ ಅರ್ಥವಾಗುತ್ತದೆ. 2020ರಲ್ಲಿ 'ಫೇರ್ ಅಂಡ್ ಲವ್ಲಿ' ಕೂಡ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಹಾಕಿಕೊಂಡಿತು. ಮನೆಯ ಮಾತು ಬದಲಾಗುವುದು ಇನ್ನೂ ಬಾಕಿ ಇದೆ.

ಉತ್ತರ, ಹಾಸನದ ಒಬ್ಬ ಅಪ್ಪ: ರಜೆಯಲ್ಲಿ ಬೇಲೂರಿಗೆ ಕರೆದುಕೊಂಡು ಹೋಗಿ. 1117ರ ಗುಡಿ. ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಯನ್ನು ತೋರಿಸಿ. ಕಪ್ಪು ಕಲ್ಲು. ನನ್ನ ಮಗಳು ಕತ್ತು ನೋಯುವವರೆಗೂ ನೋಡಿದಳು.

ಉತ್ತರ, ಮತ್ತೆ ಇಬ್ಬರು ಮಕ್ಕಳ ತಾಯಿ: ಒಂದು ಮಾತು ಬಿಟ್ಟುಹೋಯಿತು. ಗುಣವನ್ನು ಹೊಗಳುವಾಗ ಸುಮ್ನೆ "ನೀನು ಒಳ್ಳೆಯವಳು" ಅಂದರೆ ಸಾಲದು. "ನಿನ್ನೆ ಬಿದ್ದ ಹುಡುಗನನ್ನ ಎಬ್ಬಿಸಿ ನಿನ್ನ ಬಾಟಲಿ ನೀರು ಕೊಟ್ಟೆಯಲ್ಲ, ನಾನು ನೋಡಿದೆ" ಅನ್ನಿ. ಅಕ್ಕನಿಗೂ ಹೀಗೇ ಹೇಳಿ, ಅವಳೂ ಬರೀ ತನ್ನ ಬಣ್ಣದ ಮೇಲೆ ನಿಂತುಬಿಡಬಾರದು ಅಲ್ವಾ? ಮತ್ತೆ ಪೌಡರ್ ಡಬ್ಬಿ ಕಿತ್ತುಕೊಳ್ಳಬೇಡಿ. ನಾನು ಬಚ್ಚಿಟ್ಟಿದ್ದಕ್ಕೆ ನನ್ನ ಮಗಳು ಅತ್ತು ರಂಪ ಮಾಡಿದ್ದಳು. ವಾಪಸ್ ಅಲ್ಲೇ ಇಟ್ಟೆ, ಎರಡು ತಿಂಗಳಲ್ಲಿ ತಾನೇ ಮರೆತಳು.