ಎರಡು ಕೋಣೆ, ಐದು ಜನ: ಮಗಳ ಓದಿಗೆ ಜಾಗ ಎಲ್ಲಿ?

ಎರಡೇ ಕೋಣೆಯ ಮನೆ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಮಂಚದ ಮೇಲೆ ಯಾವಾಗಲೂ ಮಡಚದ ಬಟ್ಟೆಯ ರಾಶಿ. ಅದರ ಪಕ್ಕದಲ್ಲೇ ಮಗಳು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೀತಾಳೆ, ಅಕ್ಷರವೆಲ್ಲ ಕೆಳಕ್ಕೆ ಜಾರಿರುತ್ತೆ. ನಿನ್ನೆ ಬೀರು ಸರಿಸಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಅವಳ ಸ್ವೆಟರಿಗೂ ಅದೇ ವಾಸನೆ. ಅತ್ತೆಯ ಹಳೇ ಟ್ರಂಕು ತೆಗೆಯೋಣ ಅನ್ನೋಕೆ ಬಾಯಿ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಮೊದಲು ಬೀರು. ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಹೊರಗೋಡೆ ತಣ್ಣಗಿರುತ್ತೆ, ಗಾಳಿ ಆಡದಿದ್ರೆ ಮನೆಯೊಳಗಿನ ತೇವ ಅಲ್ಲೇ ನೀರಾಗಿ ಕೂರುತ್ತೆ. ಒಳಗೆ ಬಟ್ಟೆ ಒಣಹಾಕಿದಾಗ ಕಿಟಕಿ ತೆರೆದಿಡಿ. ಬೀರುವಿನ ತಲೆಯನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿಸಲೇಬೇಕು, ಮಕ್ಕಳು ಹತ್ತಿದರೆ ಮೈಮೇಲೆ ಬೀಳುತ್ತೆ.

ಉತ್ತರ 2:
ಟ್ರಂಕು ತೆಗೀಬೇಡಿ! ನಮ್ಮಮ್ಮನದ್ದೂ ಒಂದಿತ್ತು. ಮೇಲೆ ಹಲಗೆ ಹಾಕಿದ್ವಿ. ತಂಗಿ ನೆಲದ ಮೇಲೆ ಕೂತು ವರ್ಷಗಟ್ಟಲೆ ಅದರ ಮೇಲೇ ಬರೆದಳು.

ಕೇಳಿದವರು:
ಅತ್ತೆಗೆ ಹೇಳಿದೆ. ತಾವೇ ಬೀಗ ತೆಗೆದು, ಒಳಗಿನ ಹೊದಿಕೆಯೊಂದನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಹಾಸಿಕೊಟ್ಟರು. ಮಗಳು ಈಗ ಅಲ್ಲೇ ಕೂತಿದ್ದಾಳೆ. ಬೀರುವಿನ ಕೆಲಸ ಭಾನುವಾರ.