ಚಾರಾಣೆ ಕೋಳಿ

ಭಾನುವಾರ ಬೆಳಿಗ್ಗೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಗ್ಗರಣೆ-ಮಿರ್ಚಿ ತಿನ್ನುತ್ತ ಕೂತಿದ್ದೆವು. ನಾನು, ರಿಟೈರಾದ ನಮ್ಮ ಮಾಸ್ತರು, ಬಳ್ಳಾರಿಯಿಂದ ಬಂದಿದ್ದ ಗೆಳೆಯ. ಜೊತೆಗೆ ಮಾಸ್ತರ ಮೊಮ್ಮಗ, ತಲೆ ಎತ್ತದೆ ಮೊಬೈಲು ತಿಕ್ಕುತ್ತ.

ಗೆಳೆಯ ತನ್ನ ಡಕೋಟಾ ಸ್ಕೂಟರಿಗೆ ಹೊಸ ಸೀಟು, ಹೊಸ ಬಣ್ಣ, ಹೊಸ ಹಾರ್ನ್ ಹಾಕಿಸಿದ ಕಥೆ ಹೇಳುತ್ತಿದ್ದ.

"ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಅರದೀ ನೋಡು" ಎಂದರು ಮಾಸ್ತರು.

ಹುಡುಗ ತಲೆ ಎತ್ತಿದ. "ತಾತಾ, ಚಾರಾಣೆ ಅಂದ್ರ ಎಷ್ಟು?"

ಅಷ್ಟೇ ಸಾಕಾಯ್ತು. ಸೀಮೆಸುಣ್ಣ ಇಲ್ಲದ್ದಕ್ಕೆ ಮಾಸ್ತರು ಪ್ಲೇಟಿನ ಮಂಡಾಳನ್ನೇ ಎಣಿಸಿ ಸಾಲಾಗಿಟ್ಟರು. ರೂಪಾಯಿಗೆ 16 ಆಣೆ. ಅದರಲ್ಲಿ 4 ಚಾರಾಣೆ, 8 ಆಠಾಣೆ, 12 ಬಾರಾಣೆ. 1957ರಲ್ಲಿ ನಯಾ ಪೈಸೆ ಬಂದು ಆಣೆ ಹೋಯ್ತು. ಆದರೂ 25 ಪೈಸೆಗೆ ನಾವು ಚಾರಾಣೆ ಅಂತಲೇ ಅಂತಿದ್ದೆವು. 2011ರಲ್ಲಿ ಆ ಪಾವಲಿಯೂ ಹೋಯ್ತು.

"25 ಪೈಸೆಗೆ ಕೋಳಿ ಬರ್ತಿತ್ತಾ?" ಹುಡುಗನಿಗೆ ಕೋಳಿಯದೇ ಚಿಂತೆ.

ಬಳ್ಳಾರಿಯವನಿಗೆ ಸ್ಕೂಟರಿನ ಸೇಡು ಬಾಕಿ ಇತ್ತು. ಅವನ ಊರು ಆಗ ಮದ್ರಾಸಿಗೆ ಸೇರಿತ್ತು, ನಮ್ಮದು ನಿಜಾಮನಿಗೆ. ಅಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ, ಇಲ್ಲಿ ನಿಜಾಮನ ಹಾಲಿ ಸಿಕ್ಕಾ. 7 ಹಾಲಿ ಕೊಟ್ಟರೆ 6 ಕಲ್ದಾರ್.

"ಅಂದ್ರ ನಿಮ್ಮ ಚಾರಾಣೆ ಕೋಳಿ ನಮ್ಮ ಕೋಳಿಗಿಂತ ಬಡಕಲು" ಎಂದ.

"ಹಾಲಿ ಅಂತ ಹೆಸರಿಟ್ಕೊಂಡು ಮಾಜಿ ಆಯ್ತಲ್ಲ, ಅದೇ ನನಗ ಬ್ಯಾಸರ" ಎಂದರು ಮಾಸ್ತರು. ಇದನ್ನು ಅವರು ನೂರು ಸಲ ಹೇಳಿದ್ದಾರೆ. ನಾವೂ ನೂರು ಸಲ ನಕ್ಕಿದ್ದೇವೆ.

ಈ ಮಾತುಗಳನ್ನು ಈಗ ಯಾರು ಆಡ್ತಾರೆ ಅಂತ ಹುಡುಗನ ವಾದ. ಯಾಕೆ, ನಮ್ಮ ಮನೆಯಲ್ಲೇ ದಿನಾ ಕೇಳ್ತೀನಲ್ಲ! "ನಿಮ್ಮ ಮಾತಿಗೆ ಚಾರಾಣೆ ಕಿಮ್ಮತ್ತಿಲ್ಲ" ಅಂತಾಳೆ ನನ್ನ ಹೆಂಡತಿ. ಅದನ್ನು 25 ಪೈಸೆ ಅಂತ ಹೇಳಿದ್ದರೆ ನನಗೆ ಇಷ್ಟು ತಾಕ್ತಿರಲಿಲ್ಲ.

ಡಕೋಟಾದ್ದೂ ಅದೇ ಕಥೆ. ಎರಡನೇ ಮಹಾಯುದ್ಧದಲ್ಲಿ ಹಾರಿದ ವಿಮಾನದ ಹೆಸರದು. ಪಾಪ, ನಮ್ಮ ಕಡೆ ಬಂದು ಲಟಾರಿ ಗಾಡಿಗೆ ಬೈಗುಳವಾಯ್ತು.

"ಸುಮ್ನೆ ರೀಲು ಬಿಡಬ್ಯಾಡ" ಎಂದ ಸ್ಕೂಟರಿನ ಯಜಮಾನ.

"ಅಂಕಲ್, ಇವರು ರೀಲೂ ಬಿಡ್ತಾರಾ? ಅಕೌಂಟ್ ಹೆಸರೇನು?" ಎಂದು ಹುಡುಗ ಮೊಬೈಲು ನನ್ನ ಮುಂದೆ ಹಿಡಿದ.

ಅಷ್ಟರಲ್ಲಿ ಅಂಗಡಿ ಹುಡುಗ ಬಂದ. ಹೆಚ್ಚೆಂದರೆ ಇಪ್ಪತ್ತು ವರ್ಷ ಇರಬೇಕು. "ದೀಡ್‌ಸೌ ಆತ್ರಿ" ಎಂದ. ಮಾಸ್ತರು ಗೆದ್ದವರ ಹಾಗೆ ಮೊಮ್ಮಗನ ಮುಖ ನೋಡಿದರು. ಅವನು ಸ್ಕ್ಯಾನ್ ಮಾಡಿ, ಪಟ್ಟನೆ 250 ರೂಪಾಯಿ ಹಾಕಿಬಿಟ್ಟ.

ವಾಪಸ್ ಬರಬೇಕಿದ್ದ ನೂರು ರೂಪಾಯಿಗೆ ಮಾಸ್ತರು ಇನ್ನೊಂದು ಸುತ್ತು ಮಿರ್ಚಿ ಹೇಳಿದರು.